ಶಿಕ್ಷಕರು ನಮ್ಮ ಕಡೆಯವರೇ ಆದರೆ ಪಾಠ ಚೆನ್ನಾಗಿ ಆಗುವುದೇ?

ಶಿಕ್ಷಕರ ತರಬೇತಿಯ ಕೆಲಸದಲ್ಲಿರುವ ನನ್ನನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಯಿದು. ಪಠ್ಯಪುಸ್ತಕವೂ ತರಬೇತಿಯೂ ಎಲ್ಲರಿಗೂ ಒಂದೇ ಆಗಿರುವಾಗ, ಊರನ್ನು ಬಲ್ಲ ಶಿಕ್ಷಕರು ಸಿಕ್ಕರೆ ಮಕ್ಕಳಿಗೆ ಅನುಕೂಲವಲ್ಲವೇ ಎಂಬುದು ಅವರ ಲೆಕ್ಕಾಚಾರ. ಅರ್ಧ ನಿಜ ಎಂಬುದು ನನ್ನ ಉತ್ತರ.

ಪಾಠ ಯೋಜನೆಯಲ್ಲಿ ಮಕ್ಕಳ ಪೂರ್ವಜ್ಞಾನವನ್ನು ನಮೂದಿಸುವ ಭಾಗವೊಂದಿರುತ್ತದೆ. ಹೆಚ್ಚಿನವರು ಒಂದೇ ಸಾಲಿನಲ್ಲಿ ಮುಗಿಸುವ ಆ ಭಾಗದಲ್ಲಿ, ನಾನು ನೋಡಿದ ಮಟ್ಟಿಗೆ, ಎದುರಿಗಿರುವ ಮಕ್ಕಳಿಗಿಂತ ಶಿಕ್ಷಕರ ಸ್ವಂತ ಬಾಲ್ಯವೇ ಹೆಚ್ಚು ಕಾಣಿಸುತ್ತದೆ. ಭಿನ್ನರಾಶಿಯ ಪಾಠವನ್ನೇ ನೋಡೋಣ. ಒಕ್ಕಲುತನದ ಮನೆಯಿಂದ ಬಂದ ಶಿಕ್ಷಕರು ಎಕರೆಗೆ 40 ಗುಂಟೆ, 10 ಗುಂಟೆಯೆಂದರೆ ಕಾಲು ಎಕರೆ, 30 ಗುಂಟೆಯೆಂದರೆ ಮುಕ್ಕಾಲು ಎಂದು ಸಲೀಸಾಗಿ ಆರಂಭಿಸುತ್ತಾರೆ. ಅಣ್ಣತಮ್ಮಂದಿರು ಹಿಸ್ಸೆಯಾದಾಗ ಯಾರಿಗೆಷ್ಟು ಎಂದು ಕೇಳಿದರೆ ಜಮೀನಿರುವ ಮನೆಯ ಮಕ್ಕಳು ಥಟ್ಟನೆ ಉತ್ತರಿಸುತ್ತಾರೆ. ಪೇಟೆಯ ಪಿಜ್ಜಾ ಉದಾಹರಣೆಗಿಂತ ಇದು ಎಷ್ಟೋ ಮೇಲು, ಸಂಶಯವಿಲ್ಲ. ಆದರೆ ಅದೇ ಊರಿನ, ಅದೇ ಬೆಂಚಿನ ಮೇಲಿರುವ ಕೂಲಿಕಾರರ ಮಕ್ಕಳಿಗೆ ಗುಂಟೆಯ ಲೆಕ್ಕ ಪರರ ಮನೆಯ ಮಾತು. ಅವರು ಸುಮ್ಮನಿರುತ್ತಾರೆ, ಸುಮ್ಮನಿದ್ದವರನ್ನು ‘ಕಲಿಕೆಯಲ್ಲಿ ಹಿಂದುಳಿದವರು’ ಎಂದು ಬರೆದುಕೊಳ್ಳುವುದು ತೀರಾ ಸುಲಭ. ದಿನಕ್ಕೆ 400 ರೂಪಾಯಿ ಕೂಲಿಯಾದರೆ ಮುಕ್ಕಾಲು ದಿನಕ್ಕೆಷ್ಟು ಎಂದು ಕೇಳಿದಾಗ, ಮೊದಲು ಕೈಯೆತ್ತುವವರು ಅವರೇ ಆಗಿರಬಹುದು. ಊರು ಒಂದೇ ಆದರೂ ಕೇರಿ ಒಂದಲ್ಲ. ‘ನಮ್ಮ ಕಡೆಯವರು’ ಎನ್ನುವಾಗ ನಾವು ಸಾಮಾನ್ಯವಾಗಿ ಮರೆಯುವುದು ಇದನ್ನೇ.

ಹಿನ್ನೆಲೆಯೆಂದರೆ ಊರು, ಜಾತಿ, ಭಾಷೆಯಷ್ಟೇ ಅಲ್ಲ, ಶಿಕ್ಷಕರು ತಾವು ಕುಳಿತಿದ್ದ ತರಗತಿಯೂ ಹೌದು. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿಯೇ ಇದನ್ನು ಗುರುತಿಸಿದ್ದರು: ಶಿಕ್ಷಕರಾಗುವವರು ವಿದ್ಯಾರ್ಥಿಯಾಗಿ ಕಳೆದ ವರ್ಷಗಳುದ್ದಕ್ಕೂ ಬೋಧನೆಯನ್ನು ನೋಡುತ್ತಲೇ ಕಲಿತಿರುತ್ತಾರೆ, ಆದರೆ ಅವರು ನೋಡಿದ್ದು ಅದರ ಹೊರಮೈಯನ್ನು ಮಾತ್ರ, ಅದರ ಹಿಂದಿನ ಸಿದ್ಧತೆಯನ್ನಲ್ಲ. ನಮ್ಮಲ್ಲಿ ಪ್ರಾಥಮಿಕ ಶಿಕ್ಷಕರ ತರಬೇತಿಯಾದ ಡಿ.ಇಎಲ್.ಇಡಿ. ಎರಡು ವರ್ಷದ್ದು, ಬಿ.ಇಡಿ. ಕೂಡ ಈಗ ಎರಡು ವರ್ಷದ್ದೇ. ಹತ್ತು-ಹನ್ನೆರಡು ವರ್ಷ ಕಣ್ಣಾರೆ ಕಂಡದ್ದನ್ನು ಎರಡು ವರ್ಷದ ತರಬೇತಿ ಅಳಿಸಲಾರದು. ಹಾಗಾಗಿ ಯೋಜನೆಯಲ್ಲಿ ‘ಗುಂಪು ಚಟುವಟಿಕೆ’ ಎಂದು ಬರೆದವರೂ ತರಗತಿ ಗದ್ದಲವಾದ ಕೂಡಲೇ, ತಮ್ಮ ಮೇಷ್ಟ್ರು ಮಾಡುತ್ತಿದ್ದಂತೆ, ಬೋರ್ಡಿನ ಮೇಲೆ ಬರೆದು ‘ಕಾಪಿ ಮಾಡಿಕೊಳ್ಳಿ’ ಎನ್ನುತ್ತಾರೆ.

ಹಿನ್ನೆಲೆ ನಿಜವಾಗಿ ನೆರವಿಗೆ ಬರುವುದು, ಶಿಕ್ಷಕರು ತಮಗಾದ ಕಷ್ಟವನ್ನು ನೆನಪಿನಲ್ಲಿಟ್ಟುಕೊಂಡಿದ್ದರೆ. ಮನೆಯಲ್ಲಿ ಲಂಬಾಣಿ ಮಾತನಾಡುತ್ತ ಬೆಳೆದು, ಶಾಲೆಗೆ ಬಂದ ಮೇಲೆಯೇ ಕನ್ನಡ ಕಲಿತವರು ತಾಂಡಾದ ಮಕ್ಕಳಿಗೆ ಒಂದನೇ ತರಗತಿಯಲ್ಲಿ ಅಕ್ಷರ ತಿದ್ದಿಸಲು ಅವಸರಪಡದೆ ಮೊದಲು ಮಾತಿಗೆ, ಹಾಡಿಗೆ ಸಮಯ ಕೊಡುವ ಸಾಧ್ಯತೆ ಹೆಚ್ಚು. ಹಾಗೆಂದು ಪ್ರತಿ ಮನೆಮಾತಿಗೂ ಅದೇ ಮನೆಮಾತಿನ ಶಿಕ್ಷಕರನ್ನು ಹುಡುಕಿ ತರುವುದು ಆಗುಹೋಗುವ ಮಾತಲ್ಲ.

ಅದಕ್ಕೆ ಬೇರೆ ದಾರಿಯೂ ಇದೆ. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್‌ನಲ್ಲಿ ಶಿಕ್ಷಣ ಸಂಶೋಧಕ ಲೂಯಿಸ್ ಮಾಲ್ ಮತ್ತು ಸಂಗಡಿಗರು ನಡೆಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಿಕ್ಷಕರು ಮೆಕ್ಸಿಕನ್ ಮೂಲದ ಮಕ್ಕಳ ಮನೆಗಳಿಗೆ ದೂರು ಹೇಳಲು ಹೋಗದೆ, ಆ ಕುಟುಂಬಗಳಿಗೆ ಏನು ಗೊತ್ತಿದೆ ಎಂದು ಕಲಿಯಲು ಹೋದರು. ಬೇಸಾಯ, ಕಟ್ಟಡ ಕೆಲಸ, ವ್ಯಾಪಾರ, ಮನೆಮದ್ದಿನ ತಿಳಿವಳಿಕೆಯನ್ನು ತಂದು ಪಾಠಕ್ಕೆ ಹೆಣೆದರು. ನಮ್ಮಲ್ಲಿ ಮನೆಭೇಟಿಯೆಂದರೆ ಹೆಚ್ಚಾಗಿ ಗೈರುಹಾಜರಿಯ ವಿಚಾರಣೆ. ಆ ಭೇಟಿಯಲ್ಲಿಯೇ ಮನೆಯವರ ಕಸುಬಿನ ಬಗ್ಗೆ ನಾಲ್ಕು ಮಾತು ಕೇಳಿ ಬಂದರೆ ಪೂರ್ವಜ್ಞಾನದ ಆ ಒಂದು ಸಾಲು ಬೇರೆಯೇ ಆಗುತ್ತದೆ.

ಎಲ್ಲ ತರಗತಿಗಳಲ್ಲಿಯೂ ಹಿನ್ನೆಲೆಯ ಪ್ರಭಾವ ಒಂದೇ ರೀತಿ ಇರದು. ಸರ್ಕಾರಿ ಶಾಲೆಯ ಕೆಳ ತರಗತಿಗಳ ಚಟುವಟಿಕೆ ಆಧಾರಿತ ಪದ್ಧತಿಯಾದ ನಲಿ-ಕಲಿಯಲ್ಲಿ, ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿ, ಕಾರ್ಡುಗಳೆಲ್ಲ ಮೊದಲೇ ಸಿದ್ಧವಾಗಿರುವುದರಿಂದ ಯೋಜನೆಯಲ್ಲಿ ಶಿಕ್ಷಕರ ಹಿನ್ನೆಲೆಗೆ ಅಷ್ಟಾಗಿ ಎಡೆಯಿಲ್ಲ. ಅಲ್ಲಿ ನೋಡಬೇಕಾದದ್ದು, ಪೂರ್ಣ ಸಹಾಯ ಬೇಕಾದ ಮಕ್ಕಳ ಗುಂಪಿನೊಡನೆ ಕುಳಿತಾಗ ಶಿಕ್ಷಕರು ಯಾವ ಮಗುವಿನ ಉತ್ತರಕ್ಕೆ ಕಾಯುತ್ತಾರೆ, ಯಾವ ಮಗುವಿನ ಉತ್ತರವನ್ನು ತಾವೇ ಹೇಳಿಬಿಡುತ್ತಾರೆ ಎಂಬುದನ್ನು.