ಒಂದೇ ಘಟನೆ, ಎರಡು ನೋಟ: ಬಾಳಸಂಗಾತಿಯ ಆಯ್ಕೆಯ ಕುರಿತು

ಮದುವೆಯ ಬಗ್ಗೆ ನಿರ್ಧಾರ ಮಾಡಬೇಕಾದ ಹಂತದಲ್ಲಿರುವ ಕಿರಿಯ ಸ್ನೇಹಿತರು ನನ್ನೊಡನೆ ಮಾತಿಗೆ ಕುಳಿತಾಗ ಬಹುಮಟ್ಟಿಗೆ ಒಂದೇ ಪ್ರಶ್ನೆಯನ್ನು ಮುಂದಿಡುತ್ತಾರೆ: ನಮ್ಮಿಬ್ಬರ ಅಭಿರುಚಿ, ಅಭಿಪ್ರಾಯಗಳು ಹೊಂದುತ್ತವೆಯೇ? ಪ್ರಶ್ನೆ ಅಸಂಗತವೇನಲ್ಲ. ಆದರೆ ದಾಂಪತ್ಯದ ನೆಮ್ಮದಿ ಅದಕ್ಕಿಂತ ಆಳದಲ್ಲಿರುವ ಇನ್ನೊಂದು ಪ್ರಶ್ನೆಯನ್ನು ಅವಲಂಬಿಸಿದೆ ಎಂದು ನಾನು ಬಲವಾಗಿ ನಂಬಿದ್ದೇನೆ. ಒಂದೇ ಘಟನೆ ಇಬ್ಬರಿಗೆ ಎರಡು ಬಗೆಯಲ್ಲಿ ಕಂಡಾಗ, ತನ್ನ ಕಣ್ಣಿಗೆ ಬಿದ್ದದ್ದಷ್ಟೇ ನಡೆದದ್ದಲ್ಲ ಎಂಬ ಅರಿವಿಗೆ ಈ ವ್ಯಕ್ತಿಯ ಮನಸ್ಸಿನಲ್ಲಿ ಜಾಗವಿದೆಯೇ? ಅಭಿರುಚಿಗಳು ವಯಸ್ಸಿನೊಂದಿಗೆ ಬದಲಾಗುತ್ತವೆ, ಅಭಿಪ್ರಾಯಗಳೂ ಸಡಿಲಗೊಳ್ಳುತ್ತವೆ. ಘಟನೆಗಳು ಇಬ್ಬರಿಗೆ ಬೇರೆ ಬೇರೆಯಾಗಿ ಕಾಣುವುದು ಮಾತ್ರ ಜೀವನದುದ್ದಕ್ಕೂ ನಡೆಯುತ್ತಲೇ ಇರುತ್ತದೆ.

ನೋಡುವುದೆಂದರೆ ಹೊರಗಿರುವುದು ಇದ್ದಂತೆಯೇ ಒಳಗೆ ಬಂದು ಮುದ್ರೆಯೊತ್ತುವ ಕ್ರಿಯೆ ಎಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಮನೋವಿಜ್ಞಾನ ಈ ತಿಳಿವಳಿಕೆಯನ್ನು ಬಹಳ ಹಿಂದೆಯೇ ಅಲುಗಾಡಿಸಿದೆ. 1951ರಲ್ಲಿ ಅಮೆರಿಕದ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ವಿದ್ಯಾಸಂಸ್ಥೆಗಳ ತಂಡಗಳ ನಡುವೆ ನಡೆದ ಒಂದು ಫುಟ್‌ಬಾಲ್ ಪಂದ್ಯ ಒರಟಾಟದಿಂದಾಗಿ ದೊಡ್ಡ ವಿವಾದವಾಯಿತು. ಆಲ್ಬರ್ಟ್ ಹ್ಯಾಸ್ಟಾರ್ಫ್ ಮತ್ತು ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಇಬ್ಬರು ಮನೋವಿಜ್ಞಾನಿಗಳು ಆ ಪಂದ್ಯದ ಚಿತ್ರೀಕರಣವನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನು ಗುರುತು ಹಾಕಲು ಹೇಳಿದರು. ಡಾರ್ಟ್‌ಮತ್ ತಂಡ ಎಸಗಿದ ತಪ್ಪುಗಳು ಡಾರ್ಟ್‌ಮತ್ ವಿದ್ಯಾರ್ಥಿಗಳಿಗೆ ಕಂಡದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚಾಗಿ ಪ್ರಿನ್ಸ್‌ಟನ್ ವಿದ್ಯಾರ್ಥಿಗಳಿಗೆ ಕಂಡವು. ಚಿತ್ರ ಒಂದೇ ಆಗಿತ್ತು, ಯಾರೂ ಸುಳ್ಳು ಹೇಳುತ್ತಿರಲಿಲ್ಲ. 1954ರಲ್ಲಿ ಪ್ರಕಟವಾದ ಈ ಅಧ್ಯಯನದ ಬಗ್ಗೆ ಓದಿದಾಗಲೆಲ್ಲ ನನ್ನ ಮನಸ್ಸು ಮೈದಾನವನ್ನು ಬಿಟ್ಟು ಮನೆಯ ಕಡೆಗೆ ಹೊರಳುತ್ತದೆ. ಏಕೆಂದರೆ ಮನೆಯೊಳಗಿನ ವಾಗ್ವಾದದಲ್ಲಿ ಹಿಂದಿರುಗಿ ನೋಡಲು ಚಿತ್ರೀಕರಣವೂ ಇರುವುದಿಲ್ಲ, ಇಬ್ಬರ ನೆನಪುಗಳು ಮಾತ್ರ ಇರುತ್ತವೆ.

ಮನೆಗೆಲಸದ ಪ್ರಶ್ನೆಯನ್ನೇ ತೆಗೆದುಕೊಳ್ಳಿ. 1979ರಲ್ಲಿ ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಎಂಬ ಸಂಶೋಧಕರು ಹಲವು ದಂಪತಿಗಳನ್ನು ಬೇರೆ ಬೇರೆಯಾಗಿ ಕೂರಿಸಿ, ಮನೆಯ ಒಂದೊಂದು ಹೊಣೆಯಲ್ಲಿಯೂ ತಮ್ಮ ಪಾಲು ಎಷ್ಟು ಎಂದು ಕೇಳಿದರು. ಇಬ್ಬರ ಉತ್ತರಗಳನ್ನು ಕೂಡಿಸಿದಾಗ ಹೆಚ್ಚಿನ ಜೋಡಿಗಳಲ್ಲಿ ಮೊತ್ತ ಶೇಕಡ ನೂರನ್ನು ಮೀರಿತು. ಇದನ್ನು ಬರಿಯ ಅಹಂಕಾರವೆಂದು ತಳ್ಳಿಹಾಕುವಂತಿಲ್ಲ. ಜಗಳ ಹುಟ್ಟಿಸುವಂತಹ ಕೆಲಸಗಳಲ್ಲಿಯೂ ಜನ ತಮ್ಮ ಪಾಲನ್ನು ಹೆಚ್ಚೆಂದೇ ಹೇಳಿಕೊಂಡರು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ನಾನು ಮಾಡಿದ ಕೆಲಸದ ದಣಿವು, ಅದಕ್ಕಾಗಿ ಮುಂಚಿತವಾಗಿ ಮಾಡಿದ ಯೋಚನೆ, ನಡುವೆ ಬಂದ ಅಡಚಣೆ ಎಲ್ಲವೂ ನನ್ನ ನೆನಪಿನಲ್ಲಿರುತ್ತವೆ. ನನ್ನ ಸಂಗಾತಿಯ ಕೆಲಸದಲ್ಲಿ ನನಗೆ ಕಾಣುವುದು ಮುಗಿದ ಫಲ ಮಾತ್ರ, ಕೆಲವೊಮ್ಮೆ ಅದೂ ಕಾಣುವುದಿಲ್ಲ. ಹೀಗಿರುವಾಗ "ಎಲ್ಲವನ್ನೂ ನಾನೊಬ್ಬಳೇ ಮಾಡುತ್ತಿದ್ದೇನೆ" ಎಂದು ಒಬ್ಬರು, "ನಾನು ಮಾಡಿದ್ದು ನಿನ್ನ ಕಣ್ಣಿಗೆ ಬೀಳುವುದೇ ಇಲ್ಲ" ಎಂದು ಇನ್ನೊಬ್ಬರು ಹೇಳುವಾಗ ಇಬ್ಬರೂ ತಮ್ಮ ನೆನಪಿಗೆ ಪ್ರಾಮಾಣಿಕರಾಗಿಯೇ ಇರಬಹುದು. ಒಬ್ಬರ ಮೇಲೆಯೇ ನಿಜವಾಗಿ ಹೊರೆ ಬಿದ್ದಿರುವ ಮನೆಗಳೂ ಇವೆ ಎಂಬುದನ್ನು ನಾನು ಮರೆತಿಲ್ಲ. ಆದರೆ ಅಲ್ಲಿಯೂ ಹೊರೆ ಇಳಿಯಬೇಕಾದರೆ ಮೊದಲು ಅದು ಇನ್ನೊಬ್ಬರ ಕಣ್ಣಿಗೆ ಕಾಣಬೇಕು.

ಕಂಡದ್ದರ ಜೊತೆಗೆ, ಅದಕ್ಕೆ ನಾವು ಕಲ್ಪಿಸುವ ಕಾರಣವೂ ಸೇರಿಕೊಳ್ಳುತ್ತದೆ. ನಾನು ಹೇಳಿದ ಹೊತ್ತಿಗೆ ಬಾರದಿದ್ದರೆ ಅದಕ್ಕೆ ಸಂದರ್ಭ ಕಾರಣ, ಇನ್ನೊಬ್ಬರು ಬಾರದಿದ್ದರೆ ಅವರ ಸ್ವಭಾವ ಕಾರಣ. ಇತರರ ನಡತೆಯನ್ನು ವಿವರಿಸುವಾಗ ಸಂದರ್ಭವನ್ನು ಕಡೆಗಣಿಸಿ ಸ್ವಭಾವಕ್ಕೇ ಜೋತುಬೀಳುವ ಈ ವಾಲಿಕೆಯನ್ನು 1977ರಲ್ಲಿ ಲೀ ರಾಸ್ ಎಂಬ ಮನೋವಿಜ್ಞಾನಿ ವಿಸ್ತಾರವಾಗಿ ಚರ್ಚಿಸಿದರು. ಮುಂದೆ ಫ್ರಾಂಕ್ ಫಿಂಚಮ್ ಮತ್ತು ಥಾಮಸ್ ಬ್ರ್ಯಾಡ್‌ಬರಿ ಎಂಬ ಸಂಶೋಧಕರು ದಾಂಪತ್ಯಗಳನ್ನು ಅಧ್ಯಯನ ಮಾಡಿದಾಗ, ಅತೃಪ್ತ ದಂಪತಿಗಳು ಸಂಗಾತಿಯ ತಪ್ಪನ್ನು ಶಾಶ್ವತ ಸ್ವಭಾವದ ಲೆಕ್ಕಕ್ಕೆ, ಉದ್ದೇಶಪೂರ್ವಕ ಸ್ವಾರ್ಥದ ಲೆಕ್ಕಕ್ಕೆ ಬರೆಯುವುದು ಹೆಚ್ಚು ಎಂದು ಕಂಡುಬಂತು. ಅದೇ ಸಂಗಾತಿ ಮಾಡಿದ ಒಳ್ಳೆಯ ಕೆಲಸ ಅವರಿಗೆ ಆಕಸ್ಮಿಕವಾಗಿ ತೋರುತ್ತದೆ. ಒಮ್ಮೆ ಈ ಲೆಕ್ಕ ಶುರುವಾದರೆ ಸಂಗಾತಿ ಏನು ಮಾಡಿದರೂ ಹಳೆಯ ತೀರ್ಮಾನಕ್ಕೆ ಇನ್ನೊಂದು ಸಾಕ್ಷಿಯಾಗಿಬಿಡುತ್ತದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ. ಹಳದಿ ಇರುವುದು ತನ್ನ ಕಣ್ಣಿನಲ್ಲಿ ಎಂದು ತಿಳಿಯದಿರುವುದೇ ಅದರ ಸಂಕಟ.

ಬಹುಕಾಲ ಜೊತೆಯಲ್ಲಿದ್ದರೆ ಇದೆಲ್ಲ ತಾನಾಗಿ ಸರಿಹೋಗುತ್ತದೆ ಎಂಬ ಭರವಸೆಯೂ ಪೂರ್ತಿ ನಿಲ್ಲುವುದಿಲ್ಲ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆನೆತ್ ಸಾವಿಟ್ಸ್ಕಿ ಮತ್ತು ಅವರ ಸಹೋದ್ಯೋಗಿಗಳು ಎರಡರ್ಥ ಬರುವ ಮಾತುಗಳನ್ನು ದಂಪತಿಗಳು ಪರಸ್ಪರ ಎಷ್ಟು ಸರಿಯಾಗಿ ಗ್ರಹಿಸುತ್ತಾರೆ ಎಂದು ಪರೀಕ್ಷಿಸಿದರು. ಸಂಗಾತಿಯ ಮಾತನ್ನು ಗ್ರಹಿಸುವುದರಲ್ಲಿ ಅವರು ಅಪರಿಚಿತರ ಮಾತನ್ನು ಗ್ರಹಿಸುವುದಕ್ಕಿಂತ ಮೇಲೇನೂ ಇರಲಿಲ್ಲ, ಆದರೆ ಸಂಗಾತಿಗೆ ತಮ್ಮ ಮಾತು ಅರ್ಥವಾಗಿದೆ ಎಂಬ ವಿಶ್ವಾಸ ಮಾತ್ರ ಮಿತಿಮೀರಿತ್ತು. ಅಪರಿಚಿತರೊಡನೆ ನಾವು ಬಿಡಿಸಿ ಹೇಳುತ್ತೇವೆ, ಆಪ್ತರಾದವರಿಗೆ ಹೇಳದೆಯೇ ತಿಳಿಯಬೇಕೆಂದು ಬಯಸುತ್ತೇವೆ. ನಾನು ಬಲ್ಲ ಒಳ್ಳೆಯ ದಾಂಪತ್ಯಗಳಲ್ಲಿ, ದಶಕಗಳ ನಂತರವೂ, "ನೀನು ಹೇಳಿದ್ದು ಹೀಗೆಂದೇ?" ಎಂದು ಕೇಳುವ ರೂಢಿ ಉಳಿದಿದೆ. ಅದನ್ನು ನಾನು ಪ್ರೀತಿಯ ಬಹು ದೊಡ್ಡ ಕುರುಹೆಂದು ಭಾವಿಸುತ್ತೇನೆ.

ಆಯ್ಕೆಯ ಹೊತ್ತಿನಲ್ಲಿ ನಮ್ಮ ಗ್ರಹಿಕೆ ಎಷ್ಟರ ಮಟ್ಟಿಗೆ ನಂಬಿಕೆಗೆ ಅರ್ಹ? 1920ರಲ್ಲಿಯೇ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನೋವಿಜ್ಞಾನಿ, ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿ, ಮೈಕಟ್ಟು, ಬುದ್ಧಿ, ನಾಯಕತ್ವ, ಶೀಲ ಇವುಗಳಿಗೆ ಕೊಟ್ಟ ಅಂಕಗಳು ಅಸಹಜವೆನಿಸುವಷ್ಟು ಒಂದಕ್ಕೊಂದು ಹೊಂದಿಕೊಂಡಿದ್ದುದನ್ನು ಗುರುತಿಸಿದ್ದರು. ಒಂದು ಗುಣ ಮೆಚ್ಚುಗೆಯಾದರೆ ಉಳಿದ ಗುಣಗಳನ್ನೂ ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಮೊದಲ ಭೇಟಿಯಲ್ಲಿ ಸೊಗಸಾಗಿ ಮಾತನಾಡಿದವರು ಪ್ರಾಮಾಣಿಕರಾಗಿಯೂ ಉದಾರಿಗಳಾಗಿಯೂ ಕಾಣುವುದು ಹೀಗೆಯೇ. ನಮಗೆ ಏನು ಬೇಕು ಎಂಬುದರ ಬಗ್ಗೆ ನಾವು ಕೊಟ್ಟುಕೊಳ್ಳುವ ಹೇಳಿಕೆಯೂ ಅಷ್ಟೇನೂ ಗಟ್ಟಿಯಲ್ಲ. ಪಾಲ್ ಈಸ್ಟ್‌ವಿಕ್ ಮತ್ತು ಎಲಿ ಫಿಂಕೆಲ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿಯಲ್ಲಿ ರೂಪ ಮುಖ್ಯ ಅಥವಾ ಗಳಿಕೆ ಮುಖ್ಯ ಎಂದು ಮೊದಲೇ ಹೇಳಿಕೊಂಡವರ ಮಾತಿಗೂ, ಎದುರು ಬದುರಾದಾಗ ಅವರಿಗೆ ನಿಜವಾಗಿ ಮೆಚ್ಚುಗೆಯಾದವರಿಗೂ ಹೆಚ್ಚಿನ ಸಂಬಂಧ ಕಾಣಲಿಲ್ಲ.

ಇದಕ್ಕಿಂತಲೂ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು 2020ರಲ್ಲಿ ಸಮಂತಾ ಜೋಯಲ್ ಮತ್ತು ಅನೇಕ ಸಂಶೋಧಕರು ಸೇರಿ ಪ್ರಕಟಿಸಿದ ಕೆಲಸ. ಅವರು 43 ಅಧ್ಯಯನಗಳ ದತ್ತಾಂಶವನ್ನು, ಅಂದರೆ 11,000ಕ್ಕೂ ಹೆಚ್ಚು ಜೋಡಿಗಳ ಮಾಹಿತಿಯನ್ನು, ಕಂಪ್ಯೂಟರ್ ವಿಶ್ಲೇಷಣೆಗೆ ಒಳಪಡಿಸಿದರು. ಒಬ್ಬ ವ್ಯಕ್ತಿ ತನ್ನ ಸಂಬಂಧದಲ್ಲಿ ಎಷ್ಟು ತೃಪ್ತನಾಗಿದ್ದಾನೆ ಎಂಬುದನ್ನು ಊಹಿಸಲು ಸಂಗಾತಿಯ ವ್ಯಕ್ತಿಗುಣಗಳು ನೀಡಿದ ನೆರವು ಅಲ್ಪ. ಆ ವ್ಯಕ್ತಿಗೆ ಸಂಬಂಧವೇ ಹೇಗೆ ತೋರುತ್ತಿದೆ ಎಂಬುದು ಹೆಚ್ಚು ತಿಳಿಸಿತು: ಸಂಗಾತಿಗೆ ಬದ್ಧತೆಯಿದೆ ಎಂದು ಅನ್ನಿಸುತ್ತಿದೆಯೇ, ಪರಸ್ಪರ ಮೆಚ್ಚುಗೆಯಿದೆಯೇ, ಘರ್ಷಣೆ ಎಷ್ಟಿದೆ ಎಂಬಂತಹ ಸಂಗತಿಗಳು. ವರನಲ್ಲಿ ಇಂತಿಂತಹ ಗುಣ, ವಧುವಿನಲ್ಲಿ ಇಂತಿಂತಹ ಗುಣ ಎಂದು ಪಟ್ಟಿ ಮಾಡಿ ಹುಡುಕುವವರು, ಮುಂದಿನ ನೆಮ್ಮದಿಯ ಬಗ್ಗೆ ಬಹಳ ಕಡಿಮೆ ಹೇಳುವ ಸಂಗತಿಗಳ ಮೇಲೆ ತಮ್ಮ ಎಲ್ಲ ಎಚ್ಚರವನ್ನೂ ವ್ಯಯಿಸುತ್ತಿದ್ದಾರೆ. ಗುಣಗಳನ್ನು ನೋಡಬೇಡಿ ಎಂದು ನಾನು ಹೇಳುತ್ತಿಲ್ಲ. ಕ್ರೌರ್ಯ, ಸುಳ್ಳು, ವ್ಯಸನ ಇವನ್ನು ನೋಡಲೇಬೇಕು. ಅಲ್ಲಿಗೇ ನೋಟ ನಿಂತುಬಿಡಬಾರದು.

ಹಾಗಾದರೆ ಏನನ್ನು ಗಮನಿಸಬೇಕು? ನಾನು ಮೊದಲು ಸೂಚಿಸುವುದು ಹಳೆಯ ಜಗಳದ ಕಥೆಯನ್ನು ಕೇಳಿಸಿಕೊಳ್ಳುವುದನ್ನು. ಒಡಹುಟ್ಟಿದವರೊಡನೆ, ಗೆಳೆಯರೊಡನೆ, ಜೊತೆಯಲ್ಲಿ ಕೆಲಸ ಮಾಡುವವರೊಡನೆ ಬಂದ ಒಂದು ಮನಸ್ತಾಪವನ್ನು ಅವರು ಹೇಳುವಾಗ ಎದುರು ಪಕ್ಷದವರಿಗೆ ಆ ಕಥೆಯಲ್ಲಿ ಏನಾದರೂ ಕಾರಣವಿರುತ್ತದೆಯೇ? ಅಥವಾ ಅವರೆಲ್ಲ ಮೂರ್ಖರೂ ದುಷ್ಟರೂ ಆಗಿಯೇ ಬಂದು ಹೋಗುತ್ತಾರೆಯೇ? "ನನಗೆ ಆಗ ಹಾಗೆ ಕಂಡಿತು, ಅವಳ ಪಾಡು ಏನಿತ್ತೋ ನನಗೆ ತಿಳಿದಿರಲಿಲ್ಲ" ಎಂಬಂತಹ ಒಂದು ವಾಕ್ಯ ಕಿವಿಗೆ ಬಿದ್ದರೆ, ಹತ್ತು ಸದ್ಗುಣಗಳ ವರ್ಣನೆಗಿಂತ ಅದು ನನಗೆ ಹೆಚ್ಚು ಭರವಸೆ ಕೊಡುತ್ತದೆ. ಪ್ರತಿಯೊಂದು ಕಥೆಯಲ್ಲಿಯೂ ತಾನೇ ನೊಂದವನಾಗಿ, ತಾನೇ ಸರಿಯಾದವನಾಗಿ ಉಳಿಯುವ ವ್ಯಕ್ತಿಯ ಮುಂದಿನ ಕಥೆಯಲ್ಲಿ ಎದುರು ಪಕ್ಷ ಯಾರಾಗಬಹುದು ಎಂದು ಯೋಚಿಸಬೇಕು.

ಎರಡನೆಯದು, ನಿಜವಾದ ಭಿನ್ನಾಭಿಪ್ರಾಯವೊಂದನ್ನು ಮದುವೆಗೆ ಮುಂಚೆಯೇ ಎದುರಿಸುವುದು. ಹಣದ ಉಳಿತಾಯ ಮತ್ತು ವೆಚ್ಚ, ಮಕ್ಕಳು ಬೇಕೇ ಬೇಡವೇ, ಯಾರ ಉದ್ಯೋಗಕ್ಕಾಗಿ ಯಾರು ಊರು ಬಿಡಬೇಕು, ವಯಸ್ಸಾದ ತಂದೆತಾಯಿಯರ ಆರೈಕೆ ಯಾರ ಹೊಣೆ ಎಂಬ ವಿಷಯಗಳನ್ನು ಇಬ್ಬರೂ ಬಾಯಿಬಿಟ್ಟು ಮಾತನಾಡಬೇಕು. ಸಂಬಂಧವನ್ನು ಹಿರಿಯರು ನಿಶ್ಚಯಿಸಲಿ, ತಾವೇ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿರಲಿ, ಈ ಮಾತುಕತೆಯಿಂದ ವಿನಾಯಿತಿಯಿಲ್ಲ. ಮಕ್ಕಳಂತಹ ಕೆಲವು ಪ್ರಶ್ನೆಗಳಲ್ಲಿ ಒಪ್ಪಿಗೆಯೇ ಬೇಕಾಗುತ್ತದೆ, ಏಕೆಂದರೆ ಅಲ್ಲಿ ನಡುದಾರಿಯೆಂಬುದಿಲ್ಲ. ಉಳಿದವುಗಳಲ್ಲಿ ಒಪ್ಪಿಗೆಗಿಂತಲೂ ಮಾತು ಸಾಗಿದ ರೀತಿಯನ್ನು ನೋಡಬೇಕು. ಧ್ವನಿ ಏರಿತೇ, ಮೌನದ ಗೋಡೆ ಎದ್ದಿತೇ, ತಿರಸ್ಕಾರದ ನಗೆ ಬಂದಿತೇ, ಅಥವಾ "ನಿನಗೆ ಇದು ಏಕೆ ಅಷ್ಟು ಮುಖ್ಯ?" ಎಂಬ ಪ್ರಶ್ನೆ ನಿಜವಾದ ಕುತೂಹಲದಿಂದ ಬಂದಿತೇ?

ಭಿನ್ನಾಭಿಪ್ರಾಯದ ರೀತಿಗೆ ನಾನು ಇಷ್ಟು ತೂಕ ಕೊಡುವುದಕ್ಕೆ ಕಾರಣವಿದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಬಹು ಜನಪ್ರಿಯ. ಆದರೆ ದಂಪತಿಗಳ ವಾಗ್ವಾದಗಳನ್ನು ದಶಕಗಳ ಕಾಲ ಪ್ರಯೋಗಾಲಯದಲ್ಲಿ ದಾಖಲಿಸಿದ ಜಾನ್ ಗಾಟ್‌ಮನ್, ದಾಂಪತ್ಯದ ಘರ್ಷಣೆಗಳಲ್ಲಿ ಶೇಕಡ 69ರಷ್ಟು ಪರಿಹಾರವಾಗದೆ ಉಳಿಯುವಂಥವು ಎಂದು ಹೇಳುತ್ತಾರೆ. ಅವು ಇಬ್ಬರ ಮನೋಧರ್ಮದ, ಬೆಳೆದ ಬಗೆಯ ವ್ಯತ್ಯಾಸದಿಂದ ಹುಟ್ಟಿದವು. ರಾತ್ರಿ ಮಲಗಿದರೆ ಜಗಳದ ಕಾವು ಇಳಿಯಬಹುದು, ವ್ಯತ್ಯಾಸ ಮರುದಿನವೂ ಇರುತ್ತದೆ. ಯಾರನ್ನು ಮದುವೆಯಾದರೂ ಇಂತಹ ಕೆಲವು ವ್ಯತ್ಯಾಸಗಳು ಜೊತೆಯಲ್ಲಿಯೇ ಬರುವುದರಿಂದ, ಅವಿಲ್ಲದ ವ್ಯಕ್ತಿಯನ್ನು ಹುಡುಕುವುದು ವ್ಯರ್ಥ. ಅವುಗಳ ನಡುವೆಯೂ ಯಾರೊಡನೆ ಗೌರವದಿಂದ ಮಾತನಾಡಬಹುದು ಎಂದು ಹುಡುಕುವುದು ಸಾಧ್ಯವಿರುವ ಕೆಲಸ.

ಈ ಸಾಮರ್ಥ್ಯವನ್ನು ಬೆಳೆಸಿಕೊಳ್ಳಲು ಬರುತ್ತದೆ ಎಂಬುದು ನನಗೆ ಬಹಳ ಸಮಾಧಾನ ಕೊಡುವ ವಿಷಯ. ಫಿಂಕೆಲ್ ಮತ್ತು ಅವರ ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 120 ದಂಪತಿಗಳನ್ನು ಎರಡು ವರ್ಷ ಗಮನಿಸಿದರು. ಮೊದಲ ವರ್ಷ ಎಲ್ಲರಲ್ಲಿಯೂ ದಾಂಪತ್ಯದ ಗುಣಮಟ್ಟ ಇಳಿಯುತ್ತಿತ್ತು. ಎರಡನೆಯ ವರ್ಷ ಅರ್ಧದಷ್ಟು ಜೋಡಿಗಳಿಗೆ, ತಮ್ಮ ಇತ್ತೀಚಿನ ಜಗಳವನ್ನು ಇಬ್ಬರ ಹಿತವನ್ನೂ ಬಯಸುವ ಮೂರನೆಯ ವ್ಯಕ್ತಿಯ ಕಣ್ಣಿನಿಂದ ನೋಡಿ ಏಳು ನಿಮಿಷ ಬರೆಯುವ ಕೆಲಸವನ್ನು ವರ್ಷದಲ್ಲಿ ಮೂರು ಬಾರಿ ಕೊಟ್ಟರು. ಆ ಜೋಡಿಗಳಲ್ಲಿ ಇಳಿಕೆ ನಿಂತಿತು. ಜಗಳಗಳ ಸಂಖ್ಯೆ ತಗ್ಗಲಿಲ್ಲ, ಅವುಗಳಿಂದಾಗುವ ಸಂಕಟ ತಗ್ಗಿತು.

ಒಂದು ಎಚ್ಚರಿಕೆಯನ್ನು ಮಾತ್ರ ಸ್ಪಷ್ಟವಾಗಿ ಹೇಳಬೇಕು. ನೋಟಗಳು ಭಿನ್ನವಾಗಿರುತ್ತವೆ ಎಂಬ ಮಾತು ಹಿಂಸೆಗೆ ಸಮಜಾಯಿಷಿಯಾಗಬಾರದು. ಹೊಡೆತ, ಬೆದರಿಕೆ, ಕಾವಲು ಇವು ಎರಡು ದೃಷ್ಟಿಕೋನಗಳ ವಿಷಯವಲ್ಲ. "ನೀನು ಕಂಡದ್ದು ಸುಳ್ಳು, ನಿನಗೆ ಭ್ರಮೆ" ಎಂದು ಮತ್ತೆ ಮತ್ತೆ ಹೇಳಿ ಒಬ್ಬರಿಗೆ ತಮ್ಮ ಕಣ್ಣಿನ ಮೇಲೆಯೇ ನಂಬಿಕೆ ಹೋಗುವಂತೆ ಮಾಡುವವರೂ ಇದ್ದಾರೆ. ತನ್ನ ನೋಟವನ್ನು ಪ್ರಶ್ನಿಸಿಕೊಳ್ಳುವ ಹೊಣೆ ಇಬ್ಬರದ್ದೂ ಆಗಿರಬೇಕು. ಅದು ಯಾವಾಗಲೂ ಒಬ್ಬರ ಮೇಲೆಯೇ ಬೀಳುತ್ತಿದ್ದರೆ, ಆ ಸಂಬಂಧದಿಂದ ಹಿಂದೆ ಸರಿಯಲು ಅದೊಂದೇ ಕಾರಣ ಸಾಕು.

ಎಷ್ಟು ಕಾಲ ಪರಿಚಯವಿದ್ದ ಮೇಲೆ ನಿರ್ಧರಿಸಬೇಕು ಎಂದು ಕೇಳುವವರಿಗೆ ತಿಂಗಳುಗಳ ಲೆಕ್ಕವನ್ನು ನಾನು ಕೊಡುವುದಿಲ್ಲ. ಮನಸ್ಸಿಗೆ ನಾಟುವ ಒಂದು ವಿಷಯದಲ್ಲಿ ನಿಮ್ಮಿಬ್ಬರಿಗೂ ಒಮ್ಮೆಯಾದರೂ ಭಿನ್ನಾಭಿಪ್ರಾಯ ಬಂದಿರಬೇಕು, ನಂತರ ಇಬ್ಬರಲ್ಲಿ ಯಾರಾದರೊಬ್ಬರು ತಾವಾಗಿಯೇ ಆ ಮಾತನ್ನು ಮತ್ತೆ ಎತ್ತಿಕೊಂಡು, ನಿನಗೆ ಅದು ಹೇಗೆ ಕಂಡಿತು ಎಂದು ಕೇಳಿರಬೇಕು. ಅಷ್ಟು ಆಗುವವರೆಗೆ ಕಾಯಿರಿ ಎಂದು ಹೇಳುತ್ತೇನೆ.