ಗೂಟಕ್ಕೆ ಕಟ್ಟಿದ ಸತು

ಪ್ರೋಟೀನೊಂದರ ಪರಮಾಣುಗಳು ಹೇಗೆ ಅಲುಗಾಡುತ್ತವೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಸಿಮ್ಯುಲೇಶನ್ಅನ್ನು ರಾತ್ರಿ ಹತ್ತಕ್ಕೆ ಓಡಲು ಬಿಟ್ಟು ಮಲಗಿದ್ದೆ. ಬೆಳಗ್ಗೆ ಕಾಫಿ ಲೋಟ ಹಿಡಿದು ಪರದೆ ನೋಡಿದರೆ, ಹಿಸ್ಟಿಡಿನ್ ಎಂಬ ಮೂರು ಅಮೈನೊ ಆಮ್ಲಗಳ ನಡುವೆ ನಾನು ಕೂರಿಸಿದ್ದ ಸತುವಿನ ಅಯಾನು ಅಲ್ಲಿರಲಿಲ್ಲ. ಪ್ರೋಟೀನಿನ ಹೊರಗೆ, ಆರು ನೀರಿನ ಅಣುಗಳನ್ನು ಸುತ್ತ ಸೇರಿಸಿಕೊಂಡು ಆರಾಮವಾಗಿ ತೇಲುತ್ತಿತ್ತು.

ನಮ್ಮ ಕೆಂಪು ರಕ್ತಕಣಗಳಲ್ಲಿ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವವಿದೆ. ಮೂರು ಹಿಸ್ಟಿಡಿನ್, ಒಂದು ಸತು, ಒಂದು ನೀರು. ಇಷ್ಟೇ ಬಂಡವಾಳದಲ್ಲಿ ಅದು ಸೆಕೆಂಡಿಗೆ ಸುಮಾರು 10 ಲಕ್ಷ ಇಂಗಾಲದ ಡೈಆಕ್ಸೈಡ್ ಅಣುಗಳನ್ನು ಬೈಕಾರ್ಬನೇಟ್ ಆಗಿಸಬಲ್ಲದು. ಪ್ರಕೃತಿಯಲ್ಲಿಲ್ಲದ, ನಾಲ್ಕು ಸುರುಳಿಗಳ ಪುಟ್ಟ ಪ್ರೋಟೀನಿನಲ್ಲಿ ಅಂಥದೇ ಗೂಡು ಕಟ್ಟುವುದು ನಮ್ಮ ಆಸೆ.

ನಾನು ಬಳಸಿದ ಲೆಕ್ಕದಲ್ಲಿ ಸತು ಎಂದರೆ ಎರಡು ಧನ ಆವೇಶ ಹೊತ್ತ ಗೋಲಿ, ಅಷ್ಟೇ. ನಿಜವಾದ ಸತು ಹಿಸ್ಟಿಡಿನ್‌ನ ನೈಟ್ರೋಜನ್ ಕೊಡುವ ಇಲೆಕ್ಟ್ರಾನುಗಳಲ್ಲಿ ಪಾಲು ಪಡೆಯುತ್ತದೆ. ಗೋಲಿಗೆ ಆ ನೆಂಟಸ್ತಿಕೆ ತಿಳಿಯದು. ನೀರು ಕಂಡರೆ ಹೊರಟುಬಿಡುತ್ತದೆ. ಇದು ಎಲ್ಲರಿಗೂ ಗೊತ್ತಿರುವ ದೋಷ, ಇದಕ್ಕೊಂದು ವಾಡಿಕೆಯ ಉಪಾಯವೂ ಇದೆ: ಸತುವಿಗೂ ನೈಟ್ರೋಜನ್‌ಗೂ ನಡುವೆ ಸುಮಾರು 2 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು) ಉದ್ದದ ಸ್ಪ್ರಿಂಗನ್ನು ಲೆಕ್ಕದಲ್ಲೇ ಹಾಕುವುದು. ಹಾಕಿದೆ. ಸತು ಕದಲಲಿಲ್ಲ. ಸಭೆಯಲ್ಲಿ ಚಿತ್ರ ತೋರಿಸಿ ಬೀಗಿದೆ. ಹಸುವನ್ನು ಗೂಟಕ್ಕೆ ಕಟ್ಟಿ, ‘ನೋಡಿ, ಎಲ್ಲೂ ಹೋಗಿಲ್ಲ’ ಎಂದು ಹೇಳಿದ್ದೆನೆಂಬುದು ಹೊಳೆದದ್ದು ಆಮೇಲೆ.

ಕೆಳಗಿನ ಮಹಡಿಯ ಗೆಳತಿ ಪ್ರೋಟೀನ್ ತಯಾರಿಸಿದಳು. ಸತುವಿಗೆ ಬಣ್ಣವಿಲ್ಲ, ಹಾಗಾಗಿ ಅದರ ಬದಲು ಕೋಬಾಲ್ಟ್ ಹಾಕಿ ನೋಡುತ್ತಾರೆ. ಆರು ನೀರಿನ ನಡುವೆ ಅದು ಗುಲಾಬಿ, ನಾಲ್ಕು ಕೈ ಹಿಡಿದ ಗೂಡಿನಲ್ಲಿ ನೀಲಿ. ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

“ನೀಲಿ ಛಾಯೆ ಇದೆಯಲ್ಲವೇ?” ಎಂದೆ.

“ಅದು ನಿನ್ನ ದುಪಟ್ಟಾದ್ದು,” ಎಂದಳು.

ತಿಳಿಗುಲಾಬಿ. ಓಡಿಹೋದ ಗೋಲಿಯೇ ಗೆದ್ದಿತ್ತು. ತಪ್ಪು ಲೆಕ್ಕದಿಂದ ಬಂದ ಸರಿ ಉತ್ತರ. ಅದಕ್ಕೆ ಅಂಕ ಕೊಡುವ ಮೇಷ್ಟರು ನಾನಲ್ಲ.

ಮತ್ತೆ ಅಸಲಿ ಕಿಣ್ವದ ರಚನೆ ತೆರೆದು ಕೂತೆ. ಅಲ್ಲಿ ಹಿಸ್ಟಿಡಿನ್‌ಗಳು ಒಂಟಿಯಾಗಿಲ್ಲ. ಒಂದನ್ನು ಹಿಂದಿನಿಂದ ಗ್ಲುಟಮೇಟ್ ಎಂಬ ಬೇರೊಂದು ಅಮೈನೊ ಆಮ್ಲ ಹಿಡಿದಿದೆ, ಇನ್ನೊಂದನ್ನು ಅದರ ಸೋದರ ಗ್ಲುಟಮಿನ್, ಮೂರನೆಯದನ್ನು ಪ್ರೋಟೀನ್ ಸರಪಳಿಯ ಬೆನ್ನೆಲುಬಿನ ಆಮ್ಲಜನಕ. ಇಷ್ಟು ದಿನ ಕಂಬಗಳನ್ನಷ್ಟೇ ನಕಲು ಮಾಡಿ, ಅವನ್ನು ನೆಟ್ಟಗೆ ನಿಲ್ಲಿಸುವ ಆನಿಕೆಗಳನ್ನು ಬಿಟ್ಟಿದ್ದೆ.

ಈಗ ಹಿಂದೆ ಆನಿಕೆ ಇಟ್ಟು, ಸ್ಪ್ರಿಂಗ್ ಬಿಚ್ಚಿ, ಗೂಡಿನ ಪರಮಾಣುಗಳಿಗೆ ಮಾತ್ರ, ಇಲೆಕ್ಟ್ರಾನುಗಳನ್ನೂ ಲೆಕ್ಕಕ್ಕೆ ಹಿಡಿಯುವ ಕ್ವಾಂಟಂ ಲೆಕ್ಕ ಹಚ್ಚಿದ್ದೇನೆ. ಇಡೀ ರಾತ್ರಿ ಓಡಿ ಕೆಲವೇ ಪಿಕೊಸೆಕೆಂಡು (ಒಂದು ಪಿಕೊಸೆಕೆಂಡು ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು) ಮುಗಿದಿದೆ. ಸತು ಒಳಗೇ ಇದೆ, ಆದರೆ ಅಷ್ಟರಲ್ಲಿ ಅದಕ್ಕೆ ಹೊರಡಲು ಪುರುಸೊತ್ತಾದರೂ ಎಲ್ಲಿ? ಆನಿಕೆಯಿರುವ ಪ್ರೋಟೀನ್ ತಯಾರಿಸಲೆಂದು ಗೆಳತಿ ಹೊಸ ಜೀನ್ ತರಿಸಲು ಹೇಳಿದ್ದಾಳೆ.