ಬಾತಿನ ಕಾಲು, ಹಸಿರು ಕೋಸು
19 ನವೆಂಬರ್ 2023, ಭಾನುವಾರ, ಟುಲೂಸ್, ಫ್ರಾನ್ಸ್

ವಿಕ್ಟರ್ ಹ್ಯೂಗೋ ಮಾರ್ಕೆಟ್ಟಿಗೆ ಸುಕ್ಕೆಲೆಯ ಹಸಿರು ಕೋಸು ಬಂದಿದೆ. ಇದು ಬಂತೆಂದರೆ ನನಗೆ ಬಾತಿನ ಕಾಲೇ ಬೇಕು. ಈ ಕಡೆ ಬಾತು ಕೊಳ್ಳುವಾಗ ಚೀಟಿ ಓದಬೇಕು. 'ಗ್ರಾ', ಅಂದರೆ ಕೊಬ್ಬಿದ್ದು, ಅಂತಿದ್ದರೆ ಅದು ಫುಆ ಗ್ರಾ ಅನ್ನುವ ಕೊಬ್ಬಿದ ಪಿತ್ತಜನಕಾಂಗಕ್ಕಾಗಿ ಗಂಟಲಿಗೆ ಕೊಳವೆಯಿಟ್ಟು ಮುಸುಕಿನ ಜೋಳ ತಿನ್ನಿಸಿ ಕೊಬ್ಬಿಸಿದ್ದು. ಮಾಂಸವನ್ನು ಅದರದೇ ಕೊಬ್ಬಿನಲ್ಲಿ ಬೇಯಿಸಿಡುವ ಕೊಂಫಿಗೆ ಹೆಚ್ಚಾಗಿ ಅದನ್ನೇ ಬಳಸುತ್ತಾರೆ. ಆ ತಿನ್ನಿಸುವ ಕ್ರಮ ನನ್ನ ಮನಸ್ಸಿಗೆ ಒಗ್ಗುವುದಿಲ್ಲ, ಹಾಗಾಗಿ ಬಾರ್ಬರಿ ಜಾತಿಯ ಮಾಮೂಲಿ ಕಾಲು ತಂದೆ. ಕೋಸಿನ ಜೊತೆ ಬೇಯಿಸಲು ಅಷ್ಟು ಕೊಬ್ಬು ಸಾಕು.

ನಿನ್ನೆ ರಾತ್ರಿಯೇ ಕಲ್ಲುಪ್ಪು, ಜಜ್ಜಿದ ಬೆಳ್ಳುಳ್ಳಿ, ಕರಿಮೆಣಸು, ಥೈಮ್ ಸೊಪ್ಪು ಸವರಿ ಫ್ರಿಜ್ಜಿನಲ್ಲಿಟ್ಟಿದ್ದೆ. ಕೊಂಫಿಯೂ ಶುರುವಾಗುವುದು ಹೀಗೇ. ಫ್ರಿಜ್ ಇಲ್ಲದ ಕಾಲದಲ್ಲಿ ಇಲ್ಲಿನ ನೈಋತ್ಯ ಸೀಮೆ ಗ್ಯಾಸ್ಕನಿಯ ರೈತರು ಉಪ್ಪು ಹಿಡಿದ ಮಾಂಸವನ್ನು ಬಾತಿನ ಕೊಬ್ಬಿನಲ್ಲೇ ಸಣ್ಣ ಉರಿಯಲ್ಲಿ ಬೇಯಿಸಿ, ಜಾಡಿಯಲ್ಲಿ ಆ ಕೊಬ್ಬಿನಡಿ ಮುಳುಗಿಸಿಟ್ಟು ಚಳಿಗಾಲ ಕಳೆಯುತ್ತಿದ್ದರು. ಗಾರ್ಬ್ಯೂರ್ ಅನ್ನುವ ಅವರ ಗಟ್ಟಿ ಸಾರಿನಲ್ಲಿ ಕೋಸು, ಬಿಳಿ ಬೀನ್ಸ್ ಕಾಳಿನ ಜೊತೆಗೆ ಈ ಜಾಡಿಯ ಕಾಲೂ ಬೀಳುತ್ತದೆ. ಬಾತಿಗೂ ಕೋಸಿಗೂ ನಂಟು ಹಳೆಯದು.

ಬೆಳಿಗ್ಗೆ ಉಪ್ಪು ತೊಳೆದು, ಬಟ್ಟೆಯಲ್ಲಿ ಒತ್ತಿ ಒರೆಸಿ, ಚರ್ಮ ಕೆಳಗೆ ಬರುವಂತೆ ತಣ್ಣನೆಯ ಬಾಣಲೆಯಲ್ಲಿಟ್ಟು, ಆಮೇಲೆ ಒಲೆ ಹಚ್ಚಿದೆ. ಎಣ್ಣೆ ಹನಿಯಷ್ಟೂ ಬೇಡ. ಕಾದ ಬಾಣಲೆಗೆ ಹಾಕಿದರೆ ಚರ್ಮ ತಟಕ್ಕನೆ ಬಿಗಿದುಕೊಂಡು ಕೊಬ್ಬು ಒಳಗೇ ಉಳಿಯುತ್ತದೆ. ಸಣ್ಣ ಉರಿಯಲ್ಲಿ 20 ನಿಮಿಷ ಬಿಟ್ಟರೆ ಅದು ತಾನಾಗಿ ಕರಗಿ ಇಳಿಯುತ್ತದೆ, ಚರ್ಮ ಹೊಂಬಣ್ಣಕ್ಕೆ ತಿರುಗುತ್ತದೆ. ಇಡೀ ಅಡುಗೆಯ ಗುಣ ನಿಂತಿರುವುದು ಈ 20 ನಿಮಿಷದ ಮೇಲೆ ಅಂತ ನಾನು ನಂಬುತ್ತೇನೆ.

ಅಷ್ಟರಲ್ಲಿ ಕೋಸಿನ ಹೋಳುಗಳನ್ನು ಉಪ್ಪುನೀರಿನಲ್ಲಿ 5 ನಿಮಿಷ ಕುದಿಸಿ ಬಸಿದೆ. ಅದರ ಘಾಟು ಇಳಿಯಬೇಕು. ಕರಗಿದ ಕೊಬ್ಬಿನಲ್ಲಿ ಎರಡು ಚಮಚ ಉಳಿಸಿಕೊಂಡು ಈರುಳ್ಳಿ, ಕ್ಯಾರೆಟ್ ಬಾಡಿಸಿ, ಕೋಸು ಹೊರಳಾಡಿಸಿ, ಒಂದು ಲೋಟ ಬಿಳಿ ವೈನ್, ಸ್ವಲ್ಪ ಕೋಳಿ ಸ್ಟಾಕ್, ಒಂದು ಬೇ ಎಲೆ. ಕಾಲುಗಳನ್ನು ಮೇಲಿಟ್ಟೆ, ಚರ್ಮ ರಸಕ್ಕೆ ತಾಗದ ಹಾಗೆ. ಮುಚ್ಚಳ ಹಾಕಿ ಒವನ್ನಿನಲ್ಲಿ 160 ಡಿಗ್ರಿಗೆ ಒಂದೂವರೆ ಗಂಟೆ, ಮುಚ್ಚಳ ತೆಗೆದು 200ಕ್ಕೆ ಇನ್ನೊಂದು 15 ನಿಮಿಷ. ಕಾಲಿನ ಮಾಂಸದಲ್ಲಿ ನಾರು ಜಾಸ್ತಿ, ಅದರ ಕೊಲಾಜನ್ ಕರಗಿ ಜೆಲಟಿನ್ ಆಗಲು ಹೊತ್ತು ಬೇಕೇ ಬೇಕು.

ಮಡಿಕೇರಿಯಿಂದ ಬಂದಿರುವ ಅಮ್ಮ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. "ಮಸಾಲೆ ಬೇಡ ಅಂದೆ, ಸರಿ. ಹುಳಿ? ಇಷ್ಟು ಕೊಬ್ಬಿಗೆ ಹುಳಿ ಇಲ್ಲದಿದ್ರೆ ಹೇಗೆ ಮಗಾ? ಕಾಚಂಪುಳಿ ಒಂದು ಚಮಚ ಹಾಕು."

ಪಂದಿ ಕರಿ ಮಾಡಿದ ಕೈ, ಕೊಬ್ಬಿನ ಮರ್ಮ ಗೊತ್ತು. ಮಾತು ಪೂರ್ತಿ ಸರಿ, ಆದರೆ ನಮ್ಮ ಕೊಡಗಿನ ಹುಳಿ ಕಾಚಂಪುಳಿಯ ಕಪ್ಪು ಬಣ್ಣ ಕೋಸಿನ ಹಸಿರನ್ನು ನುಂಗಿಬಿಡುತ್ತದೆ. ವೈನ್ ವಿನೆಗರ್ ಒಂದು ಚಮಚ ಕೋಸಿನ ಮೇಲೆ ಚಿಮುಕಿಸಿದೆ. ಅಮ್ಮ ರುಚಿ ನೋಡಿ ತಲೆಯಾಡಿಸಿದರು.

ನನ್ನ ಮಟ್ಟಿಗೆ ಈ ಅಡುಗೆಯಲ್ಲಿ ದೊಡ್ಡದು ಕೋಸೇ. ಮೂಳೆ ಬಿಟ್ಟು ಬರುವ ಮಾಂಸ ಚೆನ್ನ, ಗರಿಗರಿ ಚರ್ಮ ಇನ್ನೂ ಚೆನ್ನ. ಆದರೆ ಬಾತಿನ ಕೊಬ್ಬು, ವೈನು, ಥೈಮ್ ಎಲ್ಲವನ್ನೂ ಹೀರಿಕೊಂಡು ಮೆತ್ತಗಾಗಿ, ಅಂಚಿನಲ್ಲಿ ತುಸು ಕೆಂಪಗಾದ ಆ ಎಲೆಗಳಿವೆಯಲ್ಲ, ಅವುಗಳ ಮುಂದೆ ಮಾಂಸ ನೆಂಚಿಕೊಳ್ಳುವುದಕ್ಕೆ ಅಷ್ಟೇ. ಅಮ್ಮ ಎರಡನೇ ಸಲ ಬಡಿಸಿಕೊಂಡದ್ದೂ ಕೋಸನ್ನೇ.

ಸೋಸಿಟ್ಟ ಕೊಬ್ಬು ಒಂದು ಪುಟ್ಟ ಜಾಡಿಯಷ್ಟಿದೆ. ನಾಳೆ ಅದರಲ್ಲಿ ಆಲೂಗಡ್ಡೆ ಬಿಲ್ಲೆ ಹುರಿದು, ಬೆಳ್ಳುಳ್ಳಿ, ಪಾರ್ಸ್ಲಿ ಉದುರಿಸಿ, ಪೆರಿಗಾರ್ಡಿನ ಸಾರ್ಲಾ ಊರಿನವರ ಹಾಗೆ.